ಭಟ್ಟಿಯ ಮಕ್ಕಳಿಗೆ ತತ್ತಿ ಇಲ್ಲ

ಮಗುವಿನ ಬಾಯಲ್ಲಿದ್ದ ತತ್ತಿಯನ್ನು ತೆಗೆ ಎಂದು ಈರಣ್ಣ ಹೇಳಿದ.

ಅಡಿಗೆಯ ಮಾಯವ್ವ ಸೌಟು ಹಿಡಿದು ನಿಂತಿದ್ದಳು. ಕಿವಿಗೆ ಬಿದ್ದದ್ದು ಸರಿಯೇ ಎಂದು ಅವಳಿಗೇ ಅನುಮಾನ ಬಂತು. ಈರಣ್ಣ ಅಂಗನವಾಡಿಯ ಒಳಗೆ ಬೂಟುಗಾಲಲ್ಲೇ ಬಂದಿದ್ದ. ಮಕ್ಕಳು ಎರಡು ಸಾಲಾಗಿ ಕೂತು ಅನ್ನ ಸಾರು ಉಣ್ಣುತ್ತಿದ್ದವು. ಗೋಡೆ ಕಡೆಯ ಸಾಲಿನ ತುದಿಯಲ್ಲಿ ಸಪ್ನಾ ಕೂತಿತ್ತು. ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವ ಪೂರ್ಣಿಮಾಳ ಮಗಳು, ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಯಾರಾದರೂ ಕಸಿದುಕೊಂಡಾರೆಂದು ತತ್ತಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಿತ್ತು. ಎರಡೂ ಕೆನ್ನೆ ಉಬ್ಬಿದ್ದವು.

"ಯಾಕ್ ನಿಂತಿ? ಇದು ನಮ್ಮ ಮಕ್ಕಳ ತತ್ತಿ. ಸರ್ಕಾರ ನಮ್ಮ ಮಕ್ಕಳಿಗೆ ಕೊಟ್ಟದ್ದು. ಎಲ್ಲಿಂದಲೋ ಬಂದವ್ರಿಗಲ್ಲ. ತಗಿ."

ಮಾಯವ್ವ ಅಲುಗಲಿಲ್ಲ. ಈರಣ್ಣ ತಾನೇ ಬಗ್ಗಿದ. ಒಂದು ಕೈಯಿಂದ ಮಗುವಿನ ದವಡೆ ಒತ್ತಿ ಇನ್ನೊಂದು ಕೈಯ ಬೆರಳು ಹಾಕಿ ಹೊರಗೆಳೆದ. ಜೊಲ್ಲು ಸುತ್ತಿದ ತತ್ತಿ ನೆಲಕ್ಕೆ ಬಿತ್ತು. ಬೆರಳನ್ನು ಮಗುವಿನ ಅಂಗಿಗೇ ಒರೆಸಿದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಒಳಗೆ ಬಂದು ಅದನ್ನು ತಿಂದು ಹೋಯಿತು. ನಾಯಿ ಯಾವೂರದ್ದು ಎಂದು ಯಾರೂ ಕೇಳಲಿಲ್ಲ.

ಸಪ್ನಾ ಅಳಲಿಲ್ಲ. ಬಾಯಿ ತೆರೆದೇ ಕೂತಿತ್ತು.

ಟೀಚರ್ ಅನುಜಾ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದ್ದಳು. ಬೆಳಗಾವಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿ, ಓದಿದವಳು. ಊರ ಹದ್ದಿನಲ್ಲಿ ಇರುವ ಯಾವ ಮಗುವಿಗಾದರೂ ಉಣ್ಣಲು ಹಾಕಬೇಕು, ಅದರ ತಂದೆ ತಾಯಿ ಎಲ್ಲಿಯವರೆಂದು ಕೇಳುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಈರಣ್ಣ ಹೋದಮೇಲೆ ಅವಳು ಮಾಯವ್ವನ ಹತ್ತಿರ ಬಂದು, ತನ್ನನ್ನು ಇಲ್ಲಿಂದ ಎತ್ತಿ ಕಾಡಿನ ಊರಿಗೆ ವರ್ಗ ಮಾಡಿಸುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಕೇಳಿ, ಕೈ ತೊಳೆದುಕೊಂಡು ಡಬ್ಬಿ ಬಿಚ್ಚಿ ಊಟಕ್ಕೆ ಕೂತಳು.

ಈರಣ್ಣ ಆ ಊರಿನ ಪಂಚಾಯಿತಿ ಸದಸ್ಯ. ಖಾನಾಪುರಕ್ಕೆ ಹತ್ತಿದ ಹಳ್ಳಿ ಅದು. ಹೊಲ, ಭಟ್ಟಿ, ಓಟು ಹಳ್ಳಿಯಲ್ಲಿ. ಸಿಮೆಂಟ್ ಕಬ್ಬಿಣದ ಅಂಗಡಿ ಬೆಳಗಾವಿಯ ರವಿವಾರ ಪೇಟೆಯಲ್ಲಿ. ಹೆಂಡತಿ ಮಕ್ಕಳು, ಮುದುಕಿ ತಾಯಿ ಬೆಳಗಾವಿಯದೇ ಸದಾಶಿವನಗರದ ಎರಡಂತಸ್ತಿನ ಮನೆಯಲ್ಲಿ. ಆ ತಾಯಿಯ ಹೆಸರಿನಲ್ಲಿ ಹಳ್ಳಿಯಲ್ಲಿ ಬಡವರ ರೇಷನ್ ಕಾರ್ಡು ಇತ್ತು. ಆ ಕಾರ್ಡಿನ ಅಕ್ಕಿಯನ್ನು ಈರಣ್ಣ ಭಟ್ಟಿಯ ಕೂಲಿಯವರಿಗೇ ಮಾರುತ್ತಿದ್ದ. ಇದು ಊರಿಗೆಲ್ಲ ಗೊತ್ತು. ಅದಕ್ಕೆ ಯಾರ ಹೊಟ್ಟೆಯೂ ಉರಿಯುತ್ತಿರಲಿಲ್ಲ.

ಭಟ್ಟಿಗೆ ಆ ಜನರನ್ನು ತಂದವನೂ ಅವನೇ. ಮೊದಲು ಊರವರೇ ಅಲ್ಲಿ ದುಡಿಯುತ್ತಿದ್ದರು. ಕೂಲಿ ಹೆಚ್ಚು ಮಾಡೆಂದು ಕೇಳಿದರು. ಅವನು ಮಾಡಲಿಲ್ಲ. ಊರ ಗಂಡಸರು ಗಂಟು ಕಟ್ಟಿಕೊಂಡು ಗೋವಾಕ್ಕೆ ಹೋದರು. ಈರಣ್ಣ ಕೂಲಿಯವರನ್ನು ಒದಗಿಸುವ ಒಬ್ಬ ಮುಕಾದಮನಿಗೆ ಹೇಳಿ ಬಂಗಾಳದ ಕಡೆಯಿಂದ ರೈಲಿನಲ್ಲಿ ಮಂದಿ ತರಿಸಿದ. ಗಂಡ ಹೆಂಡತಿ ಮಕ್ಕಳು ಸಮೇತ ಬಂದರು. ಭಟ್ಟಿಯ ಪಕ್ಕದಲ್ಲೇ ಹಸಿ ಇಟ್ಟಂಗಿ ಜೋಡಿಸಿ, ಮೇಲೆ ತಗಡು ಹಾಕಿ, ಹಂದಿಯೂ ಮೈ ಬಗ್ಗಿಸಿ ಹೋಗಬೇಕಾದ ಗೂಡುಗಳಲ್ಲಿ ಇಳಿದರು.

ಮಾಯವ್ವನಿಗೆ ಆ ಭಟ್ಟಿಯ ದುಡಿಮೆ ಹೊಸದಲ್ಲ. ಅವಳು ಊರ ಹೊರಗಿನ ಕೇರಿಯವಳು. ಗಂಡ ಸತ್ತ ಮೇಲೆ ಅದೇ ಭಟ್ಟಿಯಲ್ಲಿ ಮಣ್ಣು ತುಳಿದವಳು. ಸೂರ್ಯ ಹುಟ್ಟುವ ಮೊದಲೇ ಕೆಸರಿಗೆ ಇಳಿಯಬೇಕು. ಮೊಣಕಾಲು ಮಟ್ಟ ಥಂಡಿ ಕೆಸರು. ಅದನ್ನು ತುಳಿದು ಹದ ಮಾಡಬೇಕು, ಕುಕ್ಕರುಗಾಲಲ್ಲಿ ಕೂತು ಅಚ್ಚಿಗೆ ಬಡಿಯಬೇಕು, ಬಿಸಿಲಿಗೆ ಹರವಬೇಕು, ಮಗ್ಗುಲು ತಿರುಗಿಸಬೇಕು, ಒಣಗಿದ ಮೇಲೆ ತಲೆಯ ಮೇಲೆ ಹೊತ್ತು ಭಟ್ಟಿಗೆ ಏರಿಸಬೇಕು. ಉಗುರು ಸವೆದು ಬೆರಳ ತುದಿ ಹಸಿ ಗಾಯ ಆಗುತ್ತದೆ. ಆ ಬೆರಳಲ್ಲಿ ಖಾರದ ಸಾರು ಕಲಸಿಕೊಂಡು ಉಂಡವರಿಗೇ ಅದು ಏನೆಂದು ಗೊತ್ತು. ಕೆಮ್ಮಿದರೆ ಕೆಂಪು. ಅದು ರಕ್ತವೋ ಧೂಳೋ ಯಾರೂ ನೋಡುವುದಿಲ್ಲ.

ಅಲ್ಲಿಂದ ಅವಳು ಅಂಗನವಾಡಿಯ ಅಡಿಗೆಗೆ ಬಂದಳು. ಬಂದ ಹೊಸತರಲ್ಲಿ ಊರೊಳಗಿನ ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟರು. ಕೇರಿಯಾಕೆ ಬೇಯಿಸಿದ್ದು ಬೇಡ, ಹಸಿ ಅಕ್ಕಿ ಕೊಡಲಿ ಎಂದರು. ಅಕ್ಕಿ ಅಳೆಯುವಾಗಲೂ ಅವಳ ಕೈ ತಾಗದಂತೆ ಚೀಲ ಹಿಡಿದರು. ಮುಂದೆ ಗಂಡಸರು ಗೋವಾಕ್ಕೆ ಹೋಗಿ, ಹೆಂಗಸರು ಕಂಡವರ ಹೊಲಕ್ಕೆ ಕೂಲಿ ಹೋಗುವಂತಾದಾಗ, ಮಧ್ಯಾಹ್ನ ಮಕ್ಕಳಿಗೆ ಬಿಸಿ ಅನ್ನ ಹಾಕುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆಗ ಮೈಲಿಗೆ ತಾನಾಗಿ ಕಡಿಮೆಯಾಯಿತು. ಮೊದಲು ಮೊಮ್ಮಗಳನ್ನು ತಂದು ಬಿಟ್ಟವಳು ಗಂಗಾದೇವಿ. ಅವಳ ಗಂಡನೂ ಮಗನೂ ಗೋವಾದಲ್ಲಿ ಕಲ್ಲು ಹೊರುತ್ತಿದ್ದರು.

ಪೂರ್ಣಿಮಾ ಮಗಳನ್ನು ಕರೆದುಕೊಂಡು ಬಂದ ಮೊದಲ ದಿನ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬಾ ಎಂದು ಕೈ ಮಾಡಿದರೂ ಬರಲಿಲ್ಲ. ಮಾಯವ್ವ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಆಮೇಲೆ ಇಬ್ಬರಿಗೂ ಸಲಿಗೆ ಬೆಳೆಯಿತು. ಒಂದು ಸಂಜೆ ಭಟ್ಟಿಯ ಹತ್ತಿರ ಕೂತು ಮಾಯವ್ವ ಅವಳ ತಲೆಯ ಹೇನು ತೆಗೆಯುತ್ತಿದ್ದಾಗ, ಅವಳು ಕನ್ನಡ ಹಿಂದಿ ಎರಡನ್ನೂ ಕಲಸಿ ತನ್ನ ಕಥೆ ಹೇಳಿದಳು. ತಾನು ಹುಟ್ಟಿದ್ದು ನದಿಯ ಆಚೆ. ಆಚೆಯೆಂದರೆ ಬೇರೆ ದೇಶ. ಹೊಳೆ ಮನೆ ನುಂಗಿದ ವರ್ಷ ಅಪ್ಪ ಹೆಗಲ ಮೇಲೆ ಹೊತ್ತು ಈಚೆ ತಂದ. ಆಗ ತಾನು ಸಪ್ನಾಳಷ್ಟೇ ಇದ್ದೆ. ಈಚೆ ಬೆಳೆದೆ, ಈಚೆ ಮದುವೆಯಾದೆ, ಈಚೆಯೇ ಗಂಡ ಸತ್ತ. ಮಾಯವ್ವ ಹೇನು ಕುಕ್ಕುತ್ತ ಕೇಳಿಸಿಕೊಂಡಳು. ಹೆಚ್ಚಿಗೆ ಏನೂ ಕೇಳಲಿಲ್ಲ.

ತತ್ತಿ ಕಿತ್ತ ದಿನದಿಂದ ಭಟ್ಟಿಯ ಮಕ್ಕಳನ್ನು ಅಂಗನವಾಡಿಯ ಒಳಗೆ ಬಿಡಬಾರದೆಂದು ಹುಕುಂ ಆಯಿತು. ಬಾಗಿಲಿಗೆ ಒಬ್ಬ ಆಳನ್ನು ಕೂರಿಸಿದರು. ಮಕ್ಕಳು ತಂತಿಬೇಲಿ ಹಿಡಿದು ನಿಂತು ಒಳಗಿನ ತಾಟುಗಳನ್ನು ನೋಡುತ್ತಿದ್ದವು. ಊರ ಹೆಂಗಸರು ಅವುಗಳನ್ನು ಗದರಿಸಿ ಓಡಿಸುತ್ತಿದ್ದರು. ದಿಟ್ಟಿ ತಾಗಿ ತಮ್ಮ ಮಕ್ಕಳ ಹೊಟ್ಟೆ ಕೆಟ್ಟೀತೆಂದು ಅವರಿಗೆ ಭಯ. ಮಾಯವ್ವ ತನ್ನ ಪಾಲಿನ ಅನ್ನವನ್ನು ಸೆರಗಿನಲ್ಲಿ ಕಟ್ಟಿಕೊಂಡು ಭಟ್ಟಿಗೆ ಒಯ್ದಳು. ಅಷ್ಟು ಮಕ್ಕಳಿಗೆ ಅದು ತುಟಿಗೆ ಹಚ್ಚಲೂ ಸಾಲಲಿಲ್ಲ.

ತಾಯಿ ಅಚ್ಚು ಬಡಿಯುವಾಗ ಬಾಜೂಕ್ಕೆ ಕೂತ ಸಪ್ನಾ ಮಣ್ಣು ತಿನ್ನತೊಡಗಿತು. ಮೊದಲು ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ಭೇದಿ ಹತ್ತಿತ್ತು. ಕಣ್ಣು ಗುಳಿಬಿದ್ದವು, ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಂತಿತು. ಈರಣ್ಣನ ಜೀಪು ಭಟ್ಟಿಯಲ್ಲೇ ನಿಂತಿತ್ತು. ಪೂರ್ಣಿಮಾ ಹೋಗಿ ಕಾಲು ಹಿಡಿದಳು. ಸೀಟಿಗೆ ಹೇಲು ಹತ್ತುತ್ತದೆ ಎಂದ.

ಖಾನಾಪುರದ ದವಾಖಾನೆಯವರು ಬೆಳಗಾವಿಗೆ ಒಯ್ಯಿರಿ ಎಂದರು. ಮಾಯವ್ವ ಪೂರ್ಣಿಮಾಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಬಸ್ಸಿನ ತುಂಬ ಹೆಂಗಸರು. ರಾಜ್ಯದ ಹೆಂಗಸರಿಗೆ ಬಸ್ಸು ಪುಕ್ಕಟೆ. ಎಲ್ಲರೂ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ತಗೊಂಡರು, ಮಾಯವ್ವನೂ ತಗೊಂಡಳು. ಪೂರ್ಣಿಮಾಳ ಹತ್ತಿರ ಈ ರಾಜ್ಯದ ಕಾರ್ಡು ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ರೊಕ್ಕ ಕೊಟ್ಟು ಟಿಕೆಟ್ ತೆಗೆದಳು. ಅವಳ ಬಾಯಿಂದ ಬೇರೆ ಭಾಷೆ ಬಿದ್ದದ್ದೇ ತಡ, ಬಸ್ಸಿನಲ್ಲಿ ಗುಸುಗುಸು ಎದ್ದಿತು. ಇವರ ಸಲುವಾಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ಒಬ್ಬಳು. ದುಡಿದು ತೆರಿಗೆ ಕಟ್ಟುವವರು ನಾವು, ಮಜಾ ಮಾಡುವವರು ಇವರು ಎಂದು ಇನ್ನೊಬ್ಬಳು. ಕಿಟಕಿಯ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಮಗುವಿನ ವಾಸನೆಗೆ ಒಬ್ಬಳು ಮೂಗು ಮುಚ್ಚಿಕೊಂಡು, ಎದ್ದು ಹಿಂದೆ ಹೋಗು ಎಂದಳು. ಆ ಬಸ್ಸಿನಲ್ಲಿ ರೊಕ್ಕ ಕೊಟ್ಟು ಟಿಕೆಟ್ ತೆಗೆದ ಹೆಂಗಸು ಒಬ್ಬಳೇ. ಅವಳನ್ನೇ ಎಬ್ಬಿಸಿ ಬೆಳಗಾವಿಯವರೆಗೆ ನಿಲ್ಲಿಸಿದರು. ಮಾಯವ್ವ ತನ್ನ ಸೀಟು ಬಿಟ್ಟೆದ್ದು ಅವಳ ಜೋಡಿ ನಿಂತಳು. ಆ ಸೀಟಿಗೆ ಕೂಡಲೇ ಇನ್ಯಾರೋ ಕೂತರು.

ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ಒಬ್ಬ ಹಿರಿಯ ನರ್ಸಮ್ಮ ಮಗುವಿನ ಕೈಯಲ್ಲಿ ನರ ಸಿಗದೆ ಪಾದದಲ್ಲಿ ಹುಡುಕಿ ಸೂಜಿ ಹಾಕಿದಳು. ಯಾವೂರು ಎಂದು ಅವಳು ಕೇಳಲಿಲ್ಲ. ಕೂಸಿಗೆ ಏನು ತಿನ್ನಿಸಿದ್ದೀರಿ ಎಂದಷ್ಟೇ ಕೇಳಿದಳು.

"ಮಣ್ಣ್ರೀ," ಎಂದಳು ಮಾಯವ್ವ.

ಸಪ್ನಾ ಉಳಿಯಿತು. ಪಕ್ಕದ ಮಂಚಗಳವರು, ನಮ್ಮವರಿಗೇ ಮಂಚ ಸಿಗುವುದಿಲ್ಲ, ಇಂಥವರು ಮಲಗುತ್ತಾರೆ ಎಂದು ಆಡಿಕೊಂಡರು. ಸಪ್ನಾ ಮಲಗಿದ್ದು ಎರಡು ಮಂಚಗಳ ನಡುವೆ ನೆಲದ ಮೇಲೆ.

ಊರಿಗೆ ಮರಳಿದ ಮರುದಿನ ಮಾಯವ್ವ ಅಂಗನವಾಡಿಗೆ ಹೋದಳು. ಕಸ ಹೊಡೆದಳು, ನೀರು ತುಂಬಿದಳು. ಒಲೆ ಹಚ್ಚಲಿಲ್ಲ. ಅನುಜಾ ಬಂದು ಗಾಬರಿಯಾದಳು. ಮಕ್ಕಳು ತಾಟು ಹಿಡಿದು ಕೂತವು.

"ಎಲ್ಲಾ ಮಕ್ಕಳನ್ನೂ ಒಳಗ ಕರೀರಿ ಟೀಚರ್. ಹಚ್ಚತೀನಿ. ಇಲ್ಲಂದ್ರ ನನ್ನ ಕೈಲೆ ಒಲಿ ಹತ್ತೂದಿಲ್ಲ."

ನೌಕರಿ ಹೋಗುತ್ತದೆ ಎಂದು ಅನುಜಾ ಹೇಳಿ ನೋಡಿದಳು. ಅತ್ತು ನೋಡಿದಳು. ನೀವೇ ಮಾಡ್ರಿ ಎಂದು ಮಾಯವ್ವ ಸೌಟು ಕೊಟ್ಟರೆ ಹಿಂದೆ ಸರಿದಳು. ಊರೊಳಗಿನ ಯಾವ ಹೆಂಗಸೂ ಆ ಒಲೆಯ ಮುಂದೆ ಕೂರಲು ಒಪ್ಪಲಿಲ್ಲ. ಉಣ್ಣುವುದಕ್ಕೆ ಇಲ್ಲದ ಮೈಲಿಗೆ ಬೇಯಿಸುವುದಕ್ಕೆ ಬಂತು. ಮಧ್ಯಾಹ್ನ ಮಕ್ಕಳು ಖಾಲಿ ತಾಟು ಬಡಿಯುತ್ತ ಮನೆಗೆ ಹೋದವು.

ಸಂಜೆ ಸಮುದಾಯ ಭವನದಲ್ಲಿ ಸಭೆ ಸೇರಿತು. ಇಡೀ ಊರು ಬಂದಿತ್ತು. ಅಲ್ಲಿ ಕೂತವರಲ್ಲಿ ಸರ್ಕಾರದ ಅಕ್ಕಿ ಉಣ್ಣದವರು ಇರಲಿಲ್ಲ. ವಿಧವಾ ಪಿಂಚಣಿ, ಮುದುಕರ ಪಿಂಚಣಿ, ಮನೆಯೊಡತಿಗೆ ತಿಂಗಳ ರೊಕ್ಕ, ಪುಕ್ಕಟೆ ಕರೆಂಟು, ಎಲ್ಲವನ್ನೂ ಎಲ್ಲರೂ ತಗೊಳ್ಳುತ್ತಿದ್ದರು. ತಗೊಳ್ಳುವುದರಲ್ಲಿ ತಪ್ಪೇನೂ ಇರಲಿಲ್ಲ, ಬಡವರು. ಆದರೆ ಈರಣ್ಣ ಎದ್ದು ನಿಂತು, ಹೊರಗಿನವರು ಬಂದು ನಮ್ಮ ಪಾಲು ನುಂಗುತ್ತಿದ್ದಾರೆ, ಸರ್ಕಾರದ ಬೊಕ್ಕಸ ಇವರಿಂದಲೇ ಬರಿದಾಗುತ್ತಿದೆ, ನಾಳೆ ನಿಮ್ಮ ಪಿಂಚಣಿಯೂ ನಿಲ್ಲುತ್ತದೆ ಎಂದಾಗ ಎಲ್ಲರ ಮುಖದ ಮೇಲೆ ಒಂದೇ ಬಗೆಯ ಹೊಲಸು ಭಯ ಮೂಡಿತು. ಅವರನ್ನು ತಂದವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಸೀಜನ್ ಮುಗಿಯಲಿ, ತಾನೇ ಪೊಲೀಸರನ್ನು ಕರೆಸಿ ಅವರನ್ನು ಓಡಿಸುತ್ತೇನೆ ಎಂದು ಅವನು ಮಾತು ಕೊಟ್ಟ. ಚಪ್ಪಾಳೆ ಬಿತ್ತು. ಸೀಜನ್ ಮುಗಿಯುವವರೆಗೆ ಯಾಕೆ ಎಂದೂ ಯಾರೂ ಕೇಳಲಿಲ್ಲ.

ಗಂಗಾದೇವಿ ಎದ್ದು, ಬೇಯಿಸಿದ ಊಟವೇ ಬೇಡ, ಅದನ್ನು ನಿಲ್ಲಿಸಿ ಕಾರ್ಡು ಇದ್ದವರ ಮನೆಗೆ ಹಿಟ್ಟಿನ ಪಾಕೀಟು ಕೊಡಲಿ ಎಂದಳು. ಬೇಯಿಸಿದರೆ ತಾನೇ ಅವು ಬಂದು ಬೇಲಿ ಹಿಡಿಯುವುದು.

ಮಾಯವ್ವ ಬಾಗಿಲ ಹತ್ತಿರ ಕೂತಿದ್ದಳು. ಅಲ್ಲಿಂದಲೇ ಕೇಳಿದಳು:

"ಗಂಗಾದೇವಿ, ನಿನ್ನ ಗಂಡನ ಕಾಲು ಮುರದಾಗ ಗೋವಾದಾಗ ಅಂವಗ ಏನಂದ್ರು ಅಂತ ನನ್ನ ಮುಂದ ಅತ್ತಿದ್ದಿ. ಇಲ್ಲಿ ಹೇಳು."

ಗಂಗಾದೇವಿಯ ಮುಖ ಕಪ್ಪಿಟ್ಟಿತು. ಅಲ್ಲಿಯ ದವಾಖಾನೆಯ ಬಾಗಿಲಲ್ಲಿ ಅವಳ ಗಂಡನನ್ನು ಘಾಟಿ ಎಂದು ಕರೆದಿದ್ದರು. ಘಟ್ಟದ ಮೇಲಿನ ಭಿಕಾರಿಗಳೆಲ್ಲ ಇಳಿದು ಬಂದು ನಮ್ಮ ದವಾಖಾನೆ ತುಂಬಿಬಿಟ್ಟಿದ್ದಾರೆ ಎಂದಿದ್ದರು. ಮುರಿದ ಕಾಲು ಎಳೆದುಕೊಂಡು ಅವನು ಇಡೀ ಹಗಲು ಬಿಸಿಲಲ್ಲಿ ಕೂತಿದ್ದ.

"ಅದು ಬ್ಯಾರೆ," ಎಂದಳು ಗಂಗಾದೇವಿ. "ಇದು ಬ್ಯಾರೆ."

ಬೇರೆ ಹೇಗೆ ಎಂಬುದು ಯಾರಿಗೂ ಬೇಕಿರಲಿಲ್ಲ. ಈರಣ್ಣ ಮಾಯವ್ವನ ಕಡೆ ತಿರುಗಿದ.

"ಅಕಿ ಪೂರ್ಣಿಮಾ ಯಾವ ದೇಶದಾಕಿ? ನಿನಗ ಗೊತ್ತೈತಿ. ಅಕಿ ತಲಿಯಾಗಿನ ಹೇನು ತಗೀತಿ ನೀನು. ಮಂದಿ ಮುಂದ ಹೇಳು."

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಈ ಮಂದಿಗೆ ಹೆದರಿ ಸುಳ್ಳು ಹೇಳುವುದೇ ಎಂದು ಮಾಯವ್ವನಿಗೆ ಅಸಹ್ಯವಾಯಿತು.

"ಹೇಳೂದಿಲ್ರೀ."

"ಯಾಕ?"

"ಕೂಸು ಹಸದೈತಿ. ಅಷ್ಟು ನಿಮಗ ಗೊತ್ತಿತ್ತು. ಗೊತ್ತಿದ್ದೂ ಬಾಯಾಗ ಬೆರಳು ಹಾಕಿದ್ರಿ. ಇನ್ನ ಊರು ಕೇರಿ ತಿಳಕೊಂಡು ಏನ್ ಮಾಡಾವ್ರು?"

ಅವಳನ್ನು ಹೊರಗೆ ಹೋಗೆಂದರು. ಅವಳು ಆಗಲೇ ಎದ್ದಿದ್ದಳು.

ಊರ ಒತ್ತಾಯಕ್ಕೆ ಬಿಸಿ ಊಟ ನಿಂತಿತು. ಪಾಕೀಟು ಬಂದವು. ಆ ಹಿಟ್ಟನ್ನು ಮಕ್ಕಳು ಬಾಯಲ್ಲಿಟ್ಟು ಉಗುಳಿದವು. ತಾಯಂದಿರು ಅದನ್ನು ಎಮ್ಮೆಗೆ ಕಲಸಿದರು. ಮಧ್ಯಾಹ್ನದ ಹೊತ್ತು ಊರ ಮಕ್ಕಳೂ ಬೇಲಿಯ ಸುತ್ತ ತಿರುಗತೊಡಗಿದವು. ಮೊಮ್ಮಗಳು ಹಸಿದು ಅಳುತ್ತಿದ್ದರೂ ಗಂಗಾದೇವಿಗೆ ಒಂದು ಸಮಾಧಾನವಿತ್ತು. ಅವರಿಗೂ ಸಿಗಲಿಲ್ಲವಲ್ಲ ಎಂದು ಅವಳು ಬಾವಿಯ ಹತ್ತಿರ ಹೇಳಿದ್ದನ್ನು ಮಾಯವ್ವ ಕಿವಿಯಾರೆ ಕೇಳಿದಳು. ತುಂಬಿದ ಕೊಡ ಅಲ್ಲೇ ಚೆಲ್ಲಿ ಬಂದಳು. ಆ ಬಾಯಿಯ ಗಾಳಿ ತಾಗಿದ ನೀರು ಅವಳಿಗೆ ಬೇಡವಾಗಿತ್ತು.

ಅಂಗನವಾಡಿಯಲ್ಲಿ ಅವಳಿಗೆ ಉಳಿದದ್ದು ಕಸ ಮತ್ತು ಸಂಡಾಸು. ಅದನ್ನು ಅನುಜಾಳಿಗೇ ಬಿಟ್ಟು ಭಟ್ಟಿಗೆ ಹೋದಳು. ಮಳೆಗಾಲ ಹತ್ತಿರ ಬಂದಿತ್ತು, ಈರಣ್ಣನಿಗೆ ಕೈಗಳು ಬೇಕಾಗಿದ್ದವು. ಸೊಕ್ಕು ಇಳಿಯಿತೇ ಎಂದು ಕೇಳಿ ಕೆಲಸ ಕೊಟ್ಟ. ಮಾಯವ್ವ ಮತ್ತೆ ಕೆಸರಿಗೆ ಇಳಿದಳು. ಪೂರ್ಣಿಮಾಳ ಬಗಲಿಗೆ ಕೂತು ಅಚ್ಚು ಬಡಿದಳು. ಹಳೆಯ ಬೆರಳುಗಳು ಬೇಗ ಒಡೆದವು. ಬೆಳಗಾವಿಯಲ್ಲಿ ಏಳುತ್ತಿದ್ದ ಯಾವುದೋ ದೊಡ್ಡ ಕಟ್ಟಡಕ್ಕೆ ಹೋಗಬೇಕಾದ ಮಾಲು. ಅಂಗಳದ ತುಂಬ ಹಸಿ ಇಟ್ಟಂಗಿ ಸಾಲುಸಾಲಾಗಿ ಒಣಗುತ್ತಿತ್ತು. ಇದೇ ಕೊನೆಯ ಮಾಲು, ಇದು ಭಟ್ಟಿಗೆ ಏರಿದ ದಿನವೇ ಪೊಲೀಸರು ಬರುತ್ತಾರೆ ಎಂದು ಮುಕಾದಮ ಕುಡಿದ ಅಮಲಿನಲ್ಲಿ ಬಾಯಿಬಿಟ್ಟಿದ್ದ. ಗೂಡುಗಳಲ್ಲಿ ಎಲ್ಲರಿಗೂ ಅದು ಗೊತ್ತಾಗಿತ್ತು.

ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ಗಾಳಿ ಎದ್ದಿತು. ದಪ್ಪ ಹನಿಗಳು ಬಿದ್ದವು. ಮಳೆಗಾಲಕ್ಕೆ ಮೊದಲೇ ಬರುವ ಅಡ್ಡಮಳೆ. ಹಸಿ ಇಟ್ಟಂಗಿಗೆ ತಾಡಪತ್ರಿ ಹೊದಿಸದಿದ್ದರೆ ಮುಗಿಯಿತು, ಮತ್ತೆ ಮಣ್ಣೇ. ಈರಣ್ಣ ಆಫೀಸಿನ ಶೆಡ್ಡಿನಿಂದ ಕೂಗುತ್ತ ಓಡಿ ಬಂದ.

ಕೆಲಸದಲ್ಲಿದ್ದವರು ಎದ್ದರು. ಅಭ್ಯಾಸದ ಬಲಕ್ಕೆ ಕೈಗಳು ತಾಡಪತ್ರಿಯ ಕಡೆ ಚಾಚಿದವು. ಮಾಯವ್ವ ಮಾತ್ರ ಏಳಲಿಲ್ಲ. ಅಚ್ಚನ್ನು ಕೆಳಗಿಟ್ಟು ಕೆಸರುಗೈಯನ್ನು ಮೊಣಕಾಲ ಮೇಲಿಟ್ಟು ಕೂತಳು. ಪೂರ್ಣಿಮಾ ಅವಳನ್ನು ನೋಡಿದಳು. ತಾಡಪತ್ರಿಯ ತುದಿ ಬಿಟ್ಟು ಬಂದು ಪಕ್ಕಕ್ಕೆ ಕೂತಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಗಂಡಸರು. ಮಳೆ ಅವರ ಮೇಲೆಯೇ ಸುರಿಯಿತು.

ಈರಣ್ಣ ಬೈದ. ತಾಯಿ ಅಕ್ಕ ತೆಗೆದು ಬೈದ. ಪೊಲೀಸ್ ಎಂದ, ಜೈಲು ಎಂದ. ಯಾರೂ ಏಳಲಿಲ್ಲ. ಆಮೇಲೆ ಅವನ ದನಿ ಇಳಿಯಿತು. ಕೂಲಿ ಹೆಚ್ಚು ಕೊಡುತ್ತೇನೆ ಎಂದ.

"ಸಾವ್ಕಾರ," ಎಂದಳು ಪೂರ್ಣಿಮಾ, ತನಗೆ ಬಂದಷ್ಟು ಕನ್ನಡದಲ್ಲಿ. "ನಿಮ್ಮೂರ್ ಮಂದಿ ಕರೀರಿ."

ಅವನು ಕರೆದ. ಫೋನ್ ಹಚ್ಚಿ ಹಚ್ಚಿ ಕರೆದ. ಸಭೆಯಲ್ಲಿ ಚಪ್ಪಾಳೆ ಹೊಡೆದವರು ಭಟ್ಟಿಯಿಂದ ಕೂಗಳತೆಯಲ್ಲೇ ಇದ್ದರು. ಕೆಲವರು ಪಡಸಾಲೆಯಲ್ಲಿ ನಿಂತು ನೋಡಿದರು. ಗಂಗಾದೇವಿ ಅಂಗಳದ ಬಟ್ಟೆ ಬಾಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಸರಿಗೆ ಇಳಿಯಲು ಊರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಈರಣ್ಣ ತಾನೇ ತಾಡಪತ್ರಿ ಎಳೆದ. ಗಾಳಿ ಅದನ್ನು ಕಸಿದುಕೊಂಡಿತು. ಎಳೆಯಲು ಹೋಗಿ ಜಾರಿ ಬಿದ್ದ. ಬೂಟು ಕೆಸರಿನಲ್ಲಿ ಹೂತವು. ಕಣ್ಣ ಮುಂದೆಯೇ ಇಟ್ಟಂಗಿಯ ಸಾಲುಗಳು ಮೂಲೆ ಕಳೆದುಕೊಂಡು, ಊದಿಕೊಂಡು, ಒಂದರ ಮೇಲೊಂದು ಕುಸಿದು ಕೂತವು. ಅವನು ಕೆಸರಿನಲ್ಲಿ ಮೊಣಕಾಲೂರಿ ಮಾಯವ್ವನ ಕಡೆ ನೋಡಿದ.

"ಮಾಯವ್ವ, ಇವ್ರು ಬಿಡು, ಎಲ್ಲಿಯವ್ರೋ. ನೀ ಈ ಊರಾಕಿ. ನಮ್ಮಾಕಿ ನೀನು. ನೀನಾರ ಬಾರವಾ."

ನಮ್ಮಾಕಿ ಎಂದು ಆ ಊರಿನಲ್ಲಿ ಯಾರೂ ಅವಳನ್ನು ಕರೆದವರಿರಲಿಲ್ಲ. ಆ ಮಾತು ಮೈಮೇಲೆ ಜೊಲ್ಲು ಬಿದ್ದ ಹಾಗೆ ಆಯಿತು. ಅವಳು ಕೆಸರಿಗೆ ಉಗುಳಿದಳು.

ಮಳೆ ನಿಂತಾಗ ಅಂಗಳದಲ್ಲಿ ಇಟ್ಟಂಗಿ ಇರಲಿಲ್ಲ. ಕೆಂಪು ರಾಡಿ ಇತ್ತು.

ಪೊಲೀಸರು ಬರುವ ಮೊದಲೇ ಅವರು ಗೂಡು ಬಿಟ್ಟರು. ಕೆಲವರು ಖಾನಾಪುರ ಸ್ಟೇಷನ್ನಿಗೆ ಹೋಗಿ ಸಿಕ್ಕ ರೈಲು ಹತ್ತಿದರು. ಪೂರ್ಣಿಮಾಳಿಗೆ ಹೋಗಲು ಊರಿರಲಿಲ್ಲ. ಬೆಳಗಾವಿಯಾಚೆ ಕಾಕತಿಯ ಕಡೆ ಹೆಂಚಿನ ಕಾರ್ಖಾನೆಯೊಂದರಲ್ಲಿ ಹೆಂಗಸರು ಬೇಕೆಂದು ಯಾರೋ ಹೇಳಿದ್ದರು. ಮಾಯವ್ವ ತನ್ನ ಮನೆಗೆ ಹೋಗಿ, ಎರಡು ಸೀರೆ, ಒಂದು ಬೋಗುಣಿ ಗಂಟು ಕಟ್ಟಿದಳು. ಬಾಗಿಲಿಗೆ ಕೀಲಿ ಹಾಕಲಿಲ್ಲ. ಕೇರಿಯವರು ಎಲ್ಲಿಗೆ ಎಂದು ಕೇಳಿದರು. ಇಲ್ಲಿ ಉಸಿರಾಡಲು ಹೇಸಿಗೆಯಾಗುತ್ತದೆ ಎಂದಳು.

ಭಟ್ಟಿಯವರು ಹೋದರೂ ಅಂಗನವಾಡಿಯ ಒಲೆ ಹತ್ತಲಿಲ್ಲ. ಈಗ ಹೊರಗಿನವರಿಲ್ಲ, ಊಟ ಚಾಲೂ ಮಾಡಿರಿ ಎಂದು ಊರವರು ತಾಲೂಕಿನ ಆಫೀಸಿಗೆ ಹೋಗಿ ಕೇಳಿದರಂತೆ. ನೀವೇ ಬೇಡ ಎಂದವರು, ಇನ್ನು ಸುಮ್ಮನೆ ಹೋಗಿರಿ ಎಂದರಂತೆ. ಆ ಸುದ್ದಿ ಕೆಲವು ದಿನಗಳ ಮೇಲೆ ಕಾಕತಿಯಲ್ಲಿದ್ದ ಮಾಯವ್ವನ ಕಿವಿಗೂ ಬಂತು. ಗಂಗಾದೇವಿಯ ಮೊಮ್ಮಗಳ ಬಗ್ಗೆ ಮರುಕವಾಯಿತು. ಗಂಗಾದೇವಿಯ ಬಗ್ಗೆ ಆಗಲಿಲ್ಲ.

ಅದಕ್ಕೂ ಮುಂಚೆ, ಕಾಕತಿಯ ಮೊದಲ ಮುಂಜಾನೆ, ಇಬ್ಬರೂ ನಳದ ಪಾಳಿಯಲ್ಲಿ ನಿಂತಿದ್ದರು. ಸಪ್ನಾ ಮಾಯವ್ವನ ಸೊಂಟದ ಮೇಲಿತ್ತು. ಹಿಂದಿನವಳು ಪೂರ್ಣಿಮಾಳ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಕೇಳಿದಳು:

"ಯಾವೂರವ್ರು ನೀವು? ಇಲ್ಲೆಂದೂ ನೋಡಿಲ್ಲ."

ಪೂರ್ಣಿಮಾ ತಲೆ ತಗ್ಗಿಸಿದಳು. ಮಾಯವ್ವ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹಿಂದಕ್ಕೆ ತಿರುಗಿದಳು.

"ಹೊರಗಿನವ್ರು," ಎಂದಳು. "ಇಬ್ರೂ."

ಹೇಳಿ, ಕೊಡವನ್ನು ನಳದ ಕೆಳಗೆ ಇಟ್ಟಳು.